ಬೇಸರವರಿಯದ ಗೊಂಬೆ

ಮಠದಲ್ಲಿ ಓದಿ ಬೆಳೆದ ನನಗೆ, ಹಿರಿಯರು ಕರೆದಾಗ ಮಗು ಮುಖವೆತ್ತಿ ನೋಡದಿದ್ದರೆ ಅದು ಅವಿನಯವೆಂದೇ ತೋರುತ್ತಿತ್ತು. ಆಟಿಸಂ ಇರುವ ನನ್ನ ಮೊಮ್ಮಗನನ್ನು ಹೀಗೆಯೇ ಹಲವು ಸಲ ಗದರಿದ್ದೇನೆ. ನನ್ನ ತಪ್ಪು ನನಗೆ ತಿಳಿದದ್ದು ಇಂಗ್ಲೆಂಡಿನ ಒಂದು ಯಂತ್ರದ ಗೊಂಬೆಯ ವೃತ್ತಾಂತವನ್ನು ಓದಿದಾಗ.

ಹರ್ಟ್‌ಫರ್ಡ್‌ಷೈರ್ ವಿಶ್ವವಿದ್ಯಾಲಯದವರು 2005ರಿಂದ ರೂಪಿಸುತ್ತ ಬಂದ ಆ ರೋಬೋಟಿನ ಹೆಸರು ಕ್ಯಾಸ್ಪರ್. ಗಾತ್ರ ಮಗುವಿನಷ್ಟೇ, ಮುಖದಲ್ಲಿ ಕೆಲವೇ ಸರಳ ಭಾವಗಳು. ಕ್ಷಣಕ್ಷಣಕ್ಕೂ ಬದಲಾಗುವ ಮನುಷ್ಯರ ಮುಖ ಇಂಥ ಎಷ್ಟೋ ಮಕ್ಕಳನ್ನು ಕಂಗೆಡಿಸುತ್ತದೆ. ಕ್ಯಾಸ್ಪರ್ ನೂರು ಸಲವೂ ಒಂದೇ ಬಗೆಯಾಗಿ ನಗುತ್ತದೆ; ಹೊಡೆದರೆ ನೋವಾಯಿತೆನ್ನುತ್ತದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, 12 ಮಕ್ಕಳು ಮನೆಯಲ್ಲಿಯೇ ನಿತ್ಯ 30 ನಿಮಿಷದಂತೆ ಒಂದು ತಿಂಗಳು ಬೇರೊಂದು ರೋಬೋಟಿನೊಡನೆ ಆಡಿದರು. ಪಕ್ಕದಲ್ಲಿ ಮನೆಯ ಹಿರಿಯರೂ ಇದ್ದರು. ರೋಬೋಟು ಎದುರಿಗಿಲ್ಲದಾಗಲೂ ಆ ಮಕ್ಕಳು ಹಿರಿಯರೊಡನೆ ಬೆರೆಯುವುದು ಹೆಚ್ಚಿತು.

ಯಂತ್ರಕ್ಕೆ ಮರುಕವಿಲ್ಲ, ಬೇಸರವೂ ಇಲ್ಲ. ನನ್ನಲ್ಲಿ ಮರುಕವಿತ್ತು, ತಾಳ್ಮೆಯಿರಲಿಲ್ಲ. ಈಗ ಮೊಮ್ಮಗ ಸಾಲಾಗಿ ಜೋಡಿಸುವ ಬೆಂಕಿಕಡ್ಡಿಗಳನ್ನು ಅವನ ಪಕ್ಕದಲ್ಲಿ ಕುಳಿತು ನಾನೂ ಜೋಡಿಸುತ್ತೇನೆ. ಇಂಥ ಮಕ್ಕಳಿರುವ ಮನೆಗಳ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಗದರುವ ಮುನ್ನ ಪಕ್ಕದಲ್ಲಿ ಕುಳಿತುಕೊಳ್ಳಿರಿ.