ಮೋಟಾರಿನ ತಂಪು ಕೆಟ್ಟಾಗ

ಮೋಟಾರಿನೊಳಗೆ ತಂಪು ಬರದಿದ್ದರೆ ನಮ್ಮ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮದ್ದು: ‘ಗ್ಯಾಸು ಮುಗಿದಿದೆ, ಹಾಕಿಸಿಬಿಡಿ.’ ನೆರೆಮನೆಯವರು ಹೇಳುವುದೂ ಅದನ್ನೇ, ಪೆಟ್ರೋಲು ಹಾಕುವ ಹುಡುಗನು ಹೇಳುವುದೂ ಅದನ್ನೇ. ಒಲೆಗೆ ಸಿಲಿಂಡರು ತರಿಸಿ ಅಭ್ಯಾಸವಾದ ನಮಗೆ ಈ ಮಾತು ಸಹಜವಾಗಿಯೇ ತೋರುವುದು. ಆದರೆ ಒಲೆಯ ಗ್ಯಾಸು ಉರಿದು ಮುಗಿಯತಕ್ಕದ್ದು, ಎ.ಸಿ.ಯ ಗ್ಯಾಸು ಉರಿಯುವುದೂ ಇಲ್ಲ, ಮುಗಿಯುವುದೂ ಇಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸು ದ್ರವವಾಗುತ್ತ, ಮತ್ತೆ ಆವಿಯಾಗುತ್ತ ಸುತ್ತುತ್ತಿರುವುದು. ಹಳೆಯ ರಬ್ಬರು ಕೊಳವೆಗಳಿಂದ ವರ್ಷಗಟ್ಟಲೆಯಲ್ಲಿ ಒಂದಿಷ್ಟು ಜಿನುಗುವುದುಂಟು, ಆ ಮಾತು ಬೇರೆ. ಬೇಗನೆ ಕಡಮೆಯಾಯಿತೆಂದರೆ ಎಲ್ಲಿಯೋ ಸೋರಿರಲೇಬೇಕು. ಸೋರುವ ಕೊಡಕ್ಕೆ ಪುನಃ ಪುನಃ ನೀರು ತುಂಬುವುದನ್ನು ಯಾವ ಗೃಹಿಣಿ ಜಾಣತನವೆಂದು ಒಪ್ಪಿಯಾಳು?

ನಮಗೆ ಇದು ಬರಿಯ ಸುಖದ ಮಾತಾಗಿರಲಿಲ್ಲ. ಉಬ್ಬಸದಿಂದ ಬಳಲುವ ನಮ್ಮ ತಾಯಿಯವರನ್ನು ಚಾಮರಾಜಪೇಟೆಯಿಂದ ಮಲ್ಲೇಶ್ವರದ ವೈದ್ಯರಲ್ಲಿಗೆ ತಿಂಗಳಿಗೆ ಎರಡು ಬಾರಿ ಕರೆದೊಯ್ಯಬೇಕು. ನಡುವೆ ಮೆಜೆಸ್ಟಿಕ್ಕನ್ನೂ ಆನಂದರಾವ್ ವೃತ್ತವನ್ನೂ ದಾಟಬೇಕು. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಧಗೆ. 2024ರ ಬೇಸಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಏಪ್ರಿಲ್ 28ರಂದು ಉಷ್ಣತೆಯು 38.5 ಡಿಗ್ರಿ ಮುಟ್ಟಿತ್ತು. ಆ ದಿನಗಳಲ್ಲೊಮ್ಮೆ ಗಾಂಧಿನಗರದ ಬಳಿ ಗಾಡಿಗಳ ಸಾಲು ಕದಲದೆ ನಿಂತಿತು. ಎ.ಸಿ.ಯಿಂದ ಬಿಸಿ ಗಾಳಿ ಬರತೊಡಗಿತು. ‘ಕಿಟಕಿ ಇಳಿಸ್ರಪ್ಪ, ಉಸಿರು ಕಟ್ಟುತ್ತೆ’ ಎಂದರು ಅಮ್ಮ. ಅವರ ತುಟಿ ಬಣ್ಣಗೆಟ್ಟಿತ್ತು. ಅದಕ್ಕೆ ಮುನ್ನವೇ ಎರಡು ಅಂಗಡಿಯವರು ಗ್ಯಾಸು ತುಂಬಿ ಹಣ ಎಣಿಸಿಕೊಂಡಿದ್ದರು.

ಹಿಂದೆ ಧರ್ಮಾಂಬುಧಿ ಕೆರೆಯ ನೀರು ನಿಲ್ಲುತ್ತಿದ್ದ ಕಡೆ ಇಂದು ಬಸ್ಸುಗಳು ನಿಲ್ಲುತ್ತವೆ. ಅದರ ಪಕ್ಕದ ಗಾಂಧಿನಗರದಲ್ಲಿ ಲಾಡ್ಜುಗಳಿಗೂ ಸಿನಿಮಾದವರ ಕಚೇರಿಗಳಿಗೂ ನಡುವೆ ಒಂದು ಗಲ್ಲಿಯಲ್ಲಿ, ಒಂದೇ ಗಾಡಿ ಹಿಡಿಸುವಷ್ಟು ಜಾಗದಲ್ಲಿ ಕೆಲಸಮಾಡುವ ವೃದ್ಧ ಮೇಸ್ತ್ರಿಯೊಬ್ಬರನ್ನು ಸ್ನೇಹಿತರು ತೋರಿಸಿಕೊಟ್ಟರು. ಅವರು ಬಾನೆಟ್ಟಿಗೆ ಕೈಹಾಕುವ ಮೊದಲು ಕೇಳಿದುದು ಒಂದೇ ಪ್ರಶ್ನೆ:

‘ಗಾಡಿ ಓಡುವಾಗ ತಣ್ಣಗಿರುತ್ತೋ, ನಿಂತಾಗ ತಣ್ಣಗಿರುತ್ತೋ ಸ್ವಾಮಿ?’

ಮೈಸೂರು ರಸ್ತೆಯಲ್ಲಿ ಓಡುವಾಗ ತಣ್ಣಗೆ, ಮೆಜೆಸ್ಟಿಕ್ಕಿನಲ್ಲಿ ನಿಂತಾಗ ಬಿಸಿ ಎಂದೆವು. ಈ ಪ್ರಶ್ನೆಯನ್ನು ಹಿಂದಿನ ಇಬ್ಬರೂ ಕೇಳಿರಲಿಲ್ಲ.

ಅದರ ಮರ್ಮ ಹೀಗಿದೆ. ಗಾಡಿಯೊಳಗಿನ ಶಾಖವನ್ನು ಹೊತ್ತುತಂದ ಗ್ಯಾಸನ್ನು ಕಂಪ್ರೆಸರು ಒತ್ತಿ, ಮುಂಭಾಗದಲ್ಲಿರುವ ಕಂಡೆನ್ಸರೆಂಬ ಜಾಲರಿಗೆ ಕಳುಹಿಸುವುದು. ಅಲ್ಲಿ ಅದು ಶಾಖವನ್ನು ಹೊರಗಾಳಿಗೆ ಕೊಟ್ಟು ದ್ರವವಾಗಬೇಕು. ಓಡುವ ಗಾಡಿಗೆ ಗಾಳಿ ತಾನಾಗಿ ಬಡಿಯುವುದು. ನಿಂತ ಗಾಡಿಗೆ ಫ್ಯಾನೇ ಗತಿ. ನಿಂತಾಗ ಕಂಪ್ರೆಸರೂ ನಿಧಾನವಾಗುವುದರಿಂದ ತಂಪು ಕೊಂಚ ಕುಗ್ಗುವುದು ಸಹಜ, ಆದರೆ ಬಿಸಿ ಬರುವುದು ಸಹಜವಲ್ಲ.

ಮೇಸ್ತ್ರಿಗಳು ಎರಡು ಗೇಜುಗಳನ್ನು ಕೊಳವೆಗಳಿಗೆ ಸೇರಿಸಿ ಎಂಜಿನ್ನು ನಡೆಸಿದರು. ಎರಡು ಮುಳ್ಳುಗಳೂ ಮೇಲೇರಿದವು. ಒತ್ತಡದ ಕಡೆಯದು 300 ಪೌಂಡನ್ನು ದಾಟಿತು. ಗ್ಯಾಸು ಕಡಮೆಯಾಗಿದ್ದರೆ ಎರಡೂ ಕೆಳಗಿರಬೇಕಾಗಿತ್ತು. ಅವರು ಮಾತನಾಡದೆ ಒಂದು ಚೊಂಬು ನೀರನ್ನು ಕಂಡೆನ್ಸರಿನ ಮೇಲೆ ಎರಚಿದರು. ಮುಳ್ಳು ಸರ್ರನೆ ಇಳಿಯಿತು, ಒಳಗೆ ತಣ್ಣನೆಯ ಗಾಳಿ ಬಂದಿತು! ಹಿಂಬದಿಯ ಸೀಟಿನಿಂದ ಅಮ್ಮ, ‘ಅಯ್ಯೋ, ಬಂತು ನೋಡ್ರೋ’ ಎಂದು ಕೂಗಿದರು.

ಕಂಡೆನ್ಸರಿನ ಫ್ಯಾನು ಸುತ್ತುತ್ತಿರಲಿಲ್ಲ. ಒತ್ತಡ ಮಿತಿಮೀರಿದಾಗ ಒಂದು ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸಿಬಿಡುತ್ತಿತ್ತು; ಬಿಸಿ ಗಾಳಿಗೆ ಅದೇ ಕಾರಣ. ಎಂಜಿನ್ನಿಗೆ ಬೇರೆ ಫ್ಯಾನಿದ್ದುದರಿಂದ ಅದು ಕಾಯಲಿಲ್ಲ, ಯಾರಿಗೂ ಗುಮಾನಿ ಹುಟ್ಟಲಿಲ್ಲ. ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟಾಗ ಫ್ಯಾನು ಗಿರ್ರನೆ ತಿರುಗಿತು. ಮೋಟಾರು ಸರಿಯಿದೆ, ಫ್ಯೂಸೂ ಸರಿಯಿದೆ; ಕೆಟ್ಟಿದ್ದುದು ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ರಿಲೇ. ಜೆ.ಸಿ. ರಸ್ತೆಯಿಂದ ಹುಡುಗನು ಅದನ್ನು ತಂದನು. ಹಿಂದೆ ಕೊಟ್ಟ ಗ್ಯಾಸಿನ ಹಣದ ಮುಂದೆ ಅದರ ಬೆಲೆ ಹೇಳುವಂತಹುದಲ್ಲ.

ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಅವರು ಗ್ಯಾಸನ್ನು ಯಂತ್ರದಿಂದ ಹೊರಗೆಳೆದು ತೂಗಿದರು. ಇರಬೇಕಾದುದಕ್ಕಿಂತ ಹೆಚ್ಚಾಗಿಯೇ ಇತ್ತು. ಹೆಚ್ಚು ತುಂಬಿದರೂ ಒತ್ತಡ ಏರುವುದು, ಆದುದರಿಂದ ಹಿಂದಿನವರ ಮದ್ದು ರೋಗವನ್ನು ಬೆಳೆಸಿತ್ತೆನ್ನಬೇಕು. ‘ಸುಮ್ಮನೆ ಗಾಳಿಗೆ ಬಿಟ್ಟರಾಗದೆ?’ ಎಂದುದಕ್ಕೆ ಅವರು ತಲೆಯಾಡಿಸಿದರು. ನಮ್ಮ ಗಾಡಿಯಲ್ಲಿರುವ 134ಎ ಎಂಬ ಗ್ಯಾಸು ಓಜೋನನ್ನು ಕೆಡಿಸದೆಂದು ಹಳೆಯ 12ರ ಬದಲಿಗೆ ಬಂದುದು. ಆದರೂ ಭೂಮಿಯನ್ನು ಕಾಯಿಸುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಬೇಸಗೆಯನ್ನು ಬೈಯುತ್ತ ಅದನ್ನು ಬೀದಿಗೆ ಬಿಡುವುದು ವಿಚಿತ್ರವೇ ಸರಿ.

ಟೀ ಕುಡಿಯುತ್ತ ಅವರು ಬೇರೆ ಲಕ್ಷಣಗಳನ್ನೂ ತಿಳಿಸಿದರು. ಒತ್ತಡದ ಮುಳ್ಳು ಕೆಳಗೆ, ಇನ್ನೊಂದು ಮೇಲೆ ಇದ್ದರೆ ಕಂಪ್ರೆಸರು ಸೋತಿದೆ. ಗಾಳಿ ತಣ್ಣಗಿದ್ದೂ ರಭಸವಿಲ್ಲದಿದ್ದರೆ ಧೂಳು ಕಟ್ಟಿದ ಫಿಲ್ಟರನ್ನು ಮೊದಲು ನೋಡಬೇಕು. ಸೋರಿಕೆಯಿದ್ದರೆ ಕೀಲುಗಳಲ್ಲಿ ಎಣ್ಣೆಯ ಜಿಡ್ಡಿಗೆ ಧೂಳು ಮೆತ್ತಿರುವುದು. ನೈಟ್ರೋಜನ್ನು ತುಂಬಿ ಸೋಪಿನ ನೊರೆ ಸವರಿದರೆ ಗುಳ್ಳೆಯೇ ಜಾಗ ತೋರಿಸುವುದು. ಅದನ್ನು ಮುಚ್ಚಿ, ಅರ್ಧ ಗಂಟೆಯಾದರೂ ಒಳಗಿನ ಗಾಳಿಯನ್ನೂ ತೇವವನ್ನೂ ಎಳೆದುಹಾಕಿ, ಆಮೇಲೆ ತೂಗಿ ತುಂಬಬೇಕು.

ಬೇಸಗೆಗೆ ಮುಂಚೆ ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಎ.ಸಿ. ಹಾಕಿ, ಬಾನೆಟ್ಟು ತೆರೆದು ಮುಂದಿನ ಫ್ಯಾನು ಸುತ್ತುವುದೇ ಎಂದು ಯಾರಾದರೂ ನೋಡಬಹುದು. ಕೆಲವು ಗಾಡಿಗಳಲ್ಲಿ ಅದು ನಿಂತು ನಿಂತು ತಿರುಗುವುದರಿಂದ ನಾಲ್ಕು ನಿಮಿಷ ಕಾಯಬೇಕು. ಕೈಯೂ ಸೆರಗೂ ಮಾತ್ರ ದೂರವಿರಲಿ. ಅದು ಹೇಳದೆ ಕೇಳದೆ ಹೊರಡುವುದು.