ಕೊಲೆಗಾರ ಸಿಕ್ಕಿದನೇ?

ಪತ್ತೇದಾರಿ ಕಾದಂಬರಿಯ ಹುಚ್ಚು ನನಗೆ ಬಾಲ್ಯದಲ್ಲೇ ಅಂಟಿದ್ದು. ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಗಣಿತದ ಪುಸ್ತಕದೊಳಗಿಟ್ಟು ಓದಿ, ತಂದೆಯವರಿಂದ ಕಿವಿ ಹಿಂಡಿಸಿಕೊಂಡವನು ನಾನು. ಈಗ ಮೊಮ್ಮಗಳು ಇಂಗ್ಲಿಷ್ ಪುಸ್ತಕಗಳನ್ನು ತಂದುಕೊಡುತ್ತಾಳೆ, ಓದಿ ಮುಗಿಸಿದೊಡನೆ, "ಕೊಲೆಗಾರ ಸಿಕ್ಕಿದನೇ, ಅಜ್ಜ?" ಎಂದು ಕೇಳುತ್ತಾಳೆ. ಮೊನ್ನೆ ತಂದ ಪುಸ್ತಕ ಮಾತ್ರ ಕೊಲೆಗಾರ ಸಿಕ್ಕಿದ ಮೇಲೂ ನನ್ನನ್ನು ಬಿಡಲಿಲ್ಲ.

ಅಮೆರಿಕದ ಕಪ್ಪು ಜನಾಂಗದ ಲೇಖಕ ವಾಲ್ಟರ್ ಮೋಸ್ಲಿ 2004ರಲ್ಲಿ ಪ್ರಕಟಿಸಿದ ಆ ಕಾದಂಬರಿಯ ಹೆಸರು 'ಲಿಟಲ್ ಸ್ಕಾರ್ಲೆಟ್'. ಕತೆ ನಡೆಯುವುದು 1965ರ ಆಗಸ್ಟಿನಲ್ಲಿ, ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬ ಕೇರಿಯಲ್ಲಿ. ಕಪ್ಪು ಜನರ ಮತದಾನದ ಹಕ್ಕನ್ನು ಕಾಯುವ ಕಾನೂನಿಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿ ಐದೇ ದಿನ ಕಳೆದಿತ್ತು. ಆದರೆ ವಾಟ್ಸಿನವರ ಸಂಕಟ ಇಕ್ಕಟ್ಟಿನ ಮನೆಯದು, ಸಿಗದ ಕೆಲಸದ್ದು, ಪೊಲೀಸರ ಲಾಠಿಯದು. 11ರ ಸಂಜೆ ಪೊಲೀಸರು ಕಪ್ಪು ತರುಣನೊಬ್ಬನ ಕಾರನ್ನು ತಡೆದರು. ಮಾತಿಗೆ ಮಾತು ಬೆಳೆದು ಕೇರಿಯೇ ಹೊತ್ತಿಕೊಂಡಿತು. ಆರು ದಿನಗಳ ಆ ಗಲಭೆಯಲ್ಲಿ ಸತ್ತವರು 34 ಜನ.

ಹೊಗೆ ಆರುವ ಮುನ್ನವೇ ಕತೆ ಆರಂಭವಾಗುತ್ತದೆ. ಗುಂಪಿನ ಕೈಯಿಂದ ತಪ್ಪಿಸಿಕೊಂಡ ಬಿಳಿಯನೊಬ್ಬ ಒಂದು ಕಟ್ಟಡಕ್ಕೆ ನುಗ್ಗುತ್ತಾನೆ. ಅಲ್ಲಿ ನೋಲಾ ಎಂಬ ಕಪ್ಪು ಹೆಣ್ಣುಮಗಳು ಹೆಣವಾಗಿ ಸಿಕ್ಕುತ್ತಾಳೆ. ಸುದ್ದಿ ಹಬ್ಬಿದರೆ ಮತ್ತೆ ಬೆಂಕಿಯೆಂದು ಪೊಲೀಸರಿಗೆ ದಿಗಿಲು. ತಾವು ಕೇರಿಗೆ ಕಾಲಿಡುವಂತಿಲ್ಲ. ಆಗ ಈಜಿ ರಾಲಿನ್ಸ್ ಎಂಬ ಕಪ್ಪು ಪತ್ತೇದಾರನ ನೆನಪಾಗುತ್ತದೆ. ತನ್ನ ಊರಿನಲ್ಲೇ ತಾನು ಓಡಾಡಲು ಆತ ಪೊಲೀಸ್ ಅಧಿಕಾರಿಯ ಕಾಗದವೊಂದನ್ನು ಜೇಬಿನಲ್ಲಿಟ್ಟುಕೊಳ್ಳಬೇಕು! ಹುಡುಕುತ್ತ ಹೋದಂತೆ ಇಂಥವೇ ಹಳೆಯ ಕೊಲೆಗಳು ಹೊರಬೀಳುತ್ತವೆ. ಸತ್ತವರೆಲ್ಲ ಕಪ್ಪು ಹೆಂಗಸರು. ಕೊಲೆಗಾರ ಯಾರೆಂದು ಹೇಳಿ ನಿಮ್ಮ ಸ್ವಾರಸ್ಯ ಕೆಡಿಸಲಾರೆ. ನನ್ನನ್ನು ಕಾಡಿದ ರಹಸ್ಯವೇ ಬೇರೆ: ಅಷ್ಟು ಕಾಲ ಯಾರೂ ಏಕೆ ವಿಚಾರಿಸಲಿಲ್ಲ?

ಪುಸ್ತಕ ಮುಚ್ಚಿದಾಗ ನೆನಪಾದವರು ನಮ್ಮ ಚಾಳಿನ ಮೂಲೆಯಲ್ಲಿದ್ದ ದರ್ಜಿ. ಮಗನ ಶಾಲೆಯ ಬಟ್ಟೆ ಹೊಲಿಯುತ್ತ, ನನ್ನ ಹರಕು ಹಿಂದಿಗೆ ನಗುತ್ತಿದ್ದವರು. 1993ರ ಜನವರಿಯ ಮುಂಬಯಿ ಗಲಭೆಯ ನಂತರ ಅವರ ಅಂಗಡಿ ತೆರೆಯಲಿಲ್ಲ. ಕೆಲವು ತಿಂಗಳಲ್ಲಿ ಅಲ್ಲಿ ಪಾನ್ ಅಂಗಡಿ ಬಂತು. ಹೊಲಿಯಲು ಕೊಟ್ಟಿದ್ದ ಎರಡು ಷರ್ಟುಗಳ ಚಿಂತೆ ಮಾಡಿದೆನೇ ಹೊರತು, ಅವರು ಎಲ್ಲಿ ಹೋದರೆಂದು ನಾನು ಯಾರನ್ನೂ ಕೇಳಲಿಲ್ಲ.

ಮೊಮ್ಮಗಳು ಎಂದಿನಂತೆ ಕೇಳಿದಳು. "ಸಿಕ್ಕಿದ, ಮಗೂ" ಎಂದೆ. ದರ್ಜಿಯ ವಿಷಯ ಹೇಳಲು ಎರಡು ದಿನ ಬೇಕಾಯಿತು. ಎಲ್ಲ ಕೇಳಿ ಅವಳು, "ಅವರ ಹೆಸರೇನು, ಅಜ್ಜ?" ಎಂದಳು.

ನಾನು ಅವರನ್ನು ಮಾಸ್ಟರ್ ಎಂದಷ್ಟೇ ಕರೆಯುತ್ತಿದ್ದೆ.