ಹತ್ತನಾವಧಿ ಕಳೆದ ಮೇಲೆ

ಕುಂದಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದ ಕಾಲದ ಮಾತು ಇದು. ಆಗಿನ ಮಕ್ಕಳು ಈಗ ಸಂತೆಯಲ್ಲೋ ಮದುವೆ ಮನೆಯಲ್ಲೋ ಸಿಕ್ಕಿದರೆ ನಾನು ಮಾಡಿದ ಪಾಠದ ಸುದ್ದಿ ಎತ್ತುವುದಿಲ್ಲ. "ಟೀಚರೇ, ನಮ್ ಅಭಿಮನ್ಯು ಕಾಳಗ ನೆನ್ಪಿತ್ತಾ?" ಎಂದೇ ಕೇಳುತ್ತಾರೆ. ನೆನಪಿಲ್ಲದೆ ಏನು! ಆಟ ನಡೆದದ್ದು ಒಂದು ರಾತ್ರಿ. ಆದರೆ ಹೇಳಬೇಕಾದದ್ದು ಅದರ ಹಿಂದಿನ ಮಳೆಗಾಲದ ಕಥೆ.

ನಮ್ಮ ಕಡೆ ಶಾಲಾ ವಾರ್ಷಿಕೋತ್ಸವ ಎಂದರೆ ಕೊನೆಗೊಂದು ಯಕ್ಷಗಾನ ಬೇಕೇ ಬೇಕು. ಡಿಸೆಂಬರ್ ಹತ್ತಿರ ಬಂದಾಗ ಯಾರಾದರೂ ಕಲಾವಿದರನ್ನು ಹುಡುಕಿ ತರುವುದು, ಸಂಜೆ ಹೊತ್ತು ಗಡಿಬಿಡಿಯಲ್ಲಿ ನಾಲ್ಕು ಹೆಜ್ಜೆ ಹಾಕಿಸುವುದು, ಅರ್ಥವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ ಬಾಯಿಪಾಠ ಮಾಡಿಸುವುದು, ವೇಷಭೂಷಣ ಬಾಡಿಗೆಗೆ ತಂದು ಕಟ್ಟುವುದು. ಮರುದಿನ ಬೆಳಿಗ್ಗೆ ಗೆಜ್ಜೆ ಕಿರೀಟಗಳು ವಾಪಸ್ಸು ಹೋಗುತ್ತಿದ್ದವು. ಕಲಿಸಿದವರಿಗೆ ಒಂದು ಶಾಲು, ಒಂದು ಫಲತಾಂಬೂಲ. ಮಕ್ಕಳಿಗೆ ಉಳಿಯುತ್ತಿದ್ದದ್ದು ಒಂದು ಫೋಟೊ ಮಾತ್ರ.

ಒಂದು ವರ್ಷ ಈ ಕೆಲಸ ನನ್ನ ಪಾಲಿಗೆ ಬಂತು. ಬಡಗುತಿಟ್ಟಿನ ಒಂದು ಮೇಳದಲ್ಲಿ ಪುರುಷವೇಷ ಮಾಡುತ್ತಿದ್ದ ನಮ್ಮೂರ ಕಲಾವಿದರೊಬ್ಬರ ಮನೆಗೆ ಹೋದೆ. ಎಲ್ಲರೂ ಅವರನ್ನು ಗುರುಗಳು ಎನ್ನುತ್ತಿದ್ದರು, ನಾನೂ ಹಾಗೇ ಹೇಳುತ್ತೇನೆ. ರಾತ್ರಿಯೆಲ್ಲ ಕುಣಿದು ಬಂದು ಮಲಗಿದ್ದವರು ಎದ್ದು ಚಾವಡಿಗೆ ಬಂದು, ನನ್ನ ಮಾತು ಪೂರ್ತಿ ಕೇಳಿ, "ಕಾಣಿ ಟೀಚರೇ, ಹದ್ನೈದ್ ದಿನಕ್ಕೆ ವೇಷ ಕಟ್ಟುಕ್ ಆತ್ತ್, ಕಲ್ಸುಕ್ ಆತಿಲ್ಲೆ. ಕಲ್ಸುದಾರೆ ಹತ್ತನಾವಧಿ ಕಳ್ದ್ ಮೇಲೆ ಬತ್ತೆ" ಎಂದರು.

ಅವರು ಹೇಳಿದ್ದರಲ್ಲಿ ಎಷ್ಟು ಲೆಕ್ಕಾಚಾರವಿತ್ತು ಎಂಬುದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಮೇ ಕೊನೆಯ ವಾರದ ಹತ್ತನಾವಧಿಗೆ, ತುಳುವರ ಪತ್ತನಾಜೆಗೆ, ಹೆಚ್ಚಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ನಡುವಿನ ಮಳೆಗಾಲದಲ್ಲಿ ಕಲಾವಿದರು ಗದ್ದೆ ನೋಡಿಕೊಳ್ಳುತ್ತಾರೆ, ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ, ಕೆಲವರು ಬೆಂಗಳೂರು, ಮುಂಬಯಿಯ ಆಟಗಳಿಗೆ ಹೊರಡುತ್ತಾರೆ. ಶಾಲೆ ಬಾಗಿಲು ತೆರೆಯುವುದೂ ಅದೇ ಹೊತ್ತಿಗೆ. ಮೇಳದ ವರ್ಷ ಮುಗಿದಲ್ಲಿ ಶಾಲೆಯ ವರ್ಷ ಶುರುವಾಗುತ್ತದೆ. ಊರಲ್ಲೇ ಹುಟ್ಟಿ ಬೆಳೆದ ನಾವು ಈ ಹೊಂದಾಣಿಕೆಯನ್ನು ಗಮನಿಸದೆ, ಅವರಿಗೆ ಉಸಿರಾಡಲು ಬಿಡುವಿಲ್ಲದ ಡಿಸೆಂಬರಿನಲ್ಲೇ ಅವರನ್ನು ಕರೆಯುತ್ತ ಬಂದಿದ್ದೆವು.

ಮಕ್ಕಳಿಗೆ ಕಲೆಯನ್ನು ಸಾವಧಾನವಾಗಿ ಕಲಿಸಬೇಕೆಂಬುದು ಹಿಂದಿನವರಿಗೆ ತಿಳಿಯದೆ ಇರಲಿಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳ ಕಲಿಕೆಯೊಳಗೆ ನಾಟಕ, ಕುಣಿತಗಳನ್ನು ತಂದವರು. 1970ರ ದಶಕದಲ್ಲಿ ಕಾರ್ಕಡ ಶ್ರೀನಿವಾಸ ಉಡುಪರು, ಎಚ್. ಶ್ರೀಧರ ಹಂದೆಯವರು ಸಾಲಿಗ್ರಾಮದಲ್ಲಿ ಮಕ್ಕಳ ಮೇಳವನ್ನೇ ಕಟ್ಟಿ ನಿಲ್ಲಿಸಿದರು. ಉಡುಪಿಯ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ವರ್ಷವರ್ಷವೂ ತರಗತಿ ನಡೆಸಿ, ಆ ಮಕ್ಕಳಿಂದಲೇ ಕೃಷ್ಣ ಮಠದ ರಾಜಾಂಗಣದಲ್ಲಿ ಆಟ ಆಡಿಸುತ್ತ ಬಂದಿದೆ. ನಮ್ಮಂಥ ಒಳನಾಡಿನ ಶಾಲೆಗೆ ಅಂಥ ಆಸರೆ ಇರಲಿಲ್ಲ. ನಾವೇ ದಾರಿ ಮಾಡಿಕೊಳ್ಳಬೇಕಿತ್ತು.

ಜೂನ್ ತಿಂಗಳಲ್ಲಿ ಗುರುಗಳು ಹೇಳಿದಂತೆಯೇ ಬಂದರು. ಬಂದವರು ಮೊದಲು ಮಾತು ಕಟ್ಟಿಕೊಂಡರು. ಒಂಬತ್ತನೇ ತರಗತಿಯ ಮಕ್ಕಳೇ ಆಗಬೇಕು. ತರಗತಿ ಶಾಲಾ ವೇಳಾಪಟ್ಟಿಯೊಳಗೇ ಇರಬೇಕು, ಬಸ್ಸು ತಪ್ಪೀತೆಂದು ಮಕ್ಕಳು ಕಿಟಕಿ ನೋಡುವ ಹೊತ್ತಿನಲ್ಲಿ ಅಲ್ಲ. ತಾನು ಕಲಿಸುವಾಗ ಶಾಲೆಯ ಒಬ್ಬ ಅಧ್ಯಾಪಕರು ಅಲ್ಲೇ ಕುಳಿತಿರಬೇಕು. ಆಗಸ್ಟ್ 15ಕ್ಕೆ ಯಾರಾದರೂ ಗಣ್ಯರು ಬಂದರೆಂದು ಅರ್ಧ ಕಲಿತ ಮಕ್ಕಳನ್ನು ಕುಣಿಸಿ ತೋರಿಸಬಾರದು. ಸಂಭಾವನೆಯ ಮಾತು ಬಂದಾಗ ಅವರು ಸುಮ್ಮನಾದರು. ಅದನ್ನು ನಾನೇ ಎತ್ತಿದೆ. ಕಲಾವಿದರು ಬಾಯಿಬಿಟ್ಟು ಕೇಳುವುದಿಲ್ಲ, ಶಾಲೆಯವರು ತಾವಾಗಿ ಹೇಳುವುದಿಲ್ಲ. ಹೀಗೆ ಎಷ್ಟೋ ಒಳ್ಳೆಯ ಕೆಲಸಗಳು ಎರಡನೇ ವರ್ಷ ಕಾಣದೆ ಹೋಗಿವೆ. ಬೆಂಗಳೂರಿನಲ್ಲಿ ಹೋಟೆಲು ನಡೆಸುತ್ತಿದ್ದ ಹಳೆ ವಿದ್ಯಾರ್ಥಿಯೊಬ್ಬರು ತಿಂಗಳು ತಿಂಗಳು ಕೊಡಲು ಒಪ್ಪಿದರು. ಕೊನೆಯಲ್ಲಿ ಕವರಿನಲ್ಲಿ ಇಟ್ಟು ಕೊಡುವುದು ಬೇಡ, ತಿಂಗಳ ಮೊದಲ ವಾರವೇ ಕೈಸೇರಬೇಕು ಎಂದು ನಾನು ಹಟ ಹಿಡಿದೆ, ಹಾಗೆಯೇ ನಡೆಯಿತು.

ದೊಡ್ಡ ತೊಡಕು ಬಂದದ್ದು ಎಸ್‌ಡಿಎಂಸಿ ಸಭೆಯಲ್ಲಿ. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದಂಥ ದಿನ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಪೆಟ್ಟು ಬೀಳುತ್ತದೆ ಎಂದರು ಒಬ್ಬರು. ಚೆಂಡೆ ಸದ್ದಿಗೆ ಪಕ್ಕದ ಕೋಣೆಯಲ್ಲಿ ಲೆಕ್ಕದ ಪಾಠ ನಡೆಯುವುದು ಹೇಗೆ ಎಂದರು ಇನ್ನೊಬ್ಬರು. ಅದಕ್ಕೆಲ್ಲ ಉತ್ತರವಿತ್ತು. ಆದರೆ ಹೆಸರು ಕೊಟ್ಟವರಲ್ಲಿ ಅರ್ಧಕ್ಕೂ ಹೆಚ್ಚು ಹೆಣ್ಣುಮಕ್ಕಳು ಎಂದು ತಿಳಿದಾಗ ಸಭೆ ಗಟ್ಟಿಯಾಯಿತು. ಮೇಳಗಳಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಮಾಡಿಕೊಂಡು ಬಂದ ಊರು ನಮ್ಮದು. ಹೆಣ್ಣುಮಕ್ಕಳು ಕುಣಿಯುವುದು ಬೇಡ, ಪ್ರಾರ್ಥನೆ ಹಾಡಲಿ ಸಾಕು ಎಂಬ ಮಾತು ಹಿರಿಯರ ಬಾಯಿಂದಲೇ ಬಂತು. ನಾನು ಎದ್ದು ಮಾತಾಡಿದೆ. ತಲೆ ಆಡಿಸಿದರು, ಒಪ್ಪಲಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬರು ಎದ್ದು ನಿಂತರು. ಬಾಗಲಕೋಟೆ ಕಡೆಯಿಂದ ಬಂದು ನಮ್ಮೂರಲ್ಲಿ ಗಾರೆ ಕೆಲಸ ಮಾಡುತ್ತಿದ್ದವರು. ಅವರ ಮಗಳು ಒಂಬತ್ತನೇ ತರಗತಿಯಲ್ಲಿದ್ದಳು, ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಸಭೆಗಳಲ್ಲಿ ಅವರು ಅದುವರೆಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ನಮ್ಮ ಕಡೆ ಪಾರಿಜಾತದಾಗ ಹೆಣ್ಮಕ್ಕಳೂ ಪಾತ್ರ ಮಾಡ್ತಾರ್ರೀ. ನಾ ಊರಾಗ ಹಿಮ್ಯಾಳದಾಗ ತಾಳ ಹಿಡದಾಂವ. ಯಾರೂ ಕೆಟ್ಟದ್ದು ಅಂದಿಲ್ಲ. ನನ್ನ ಮಗಳಿಗೆ ಕಲಸ್ರೀ" ಎಂದು ಹೇಳಿ ಕುಳಿತುಬಿಟ್ಟರು.

ಗುರುಗಳು ಸಭೆಯನ್ನೇ ಮರೆತು ಅವರ ಕಡೆ ತಿರುಗಿದರು. ಶ್ರೀಕೃಷ್ಣ ಪಾರಿಜಾತದ ಹೆಸರು ಕೇಳಿದ್ದರೇ ಹೊರತು ಕಂಡಿರಲಿಲ್ಲವಂತೆ. "ಒಂದ್ ಹಾಡ್ ಹೇಳಿ ಕಾಂಬೊ" ಎಂದರು. ಆ ಮನುಷ್ಯ ನಾಚಿಕೊಂಡೇ ಸತ್ಯಭಾಮೆಯ ಒಂದು ಹಾಡನ್ನು ಹಾಡಿದರು. ಏನು ಕಂಠ ಅದು! ಗುರುಗಳು ಮೇಜಿನ ಮೇಲೆ ಬೆರಳಲ್ಲೇ ತಾಳ ಹಿಡಿದರು. ಹಾಡು ಮುಗಿದ ಮೇಲೆ ಅಧ್ಯಕ್ಷರು ಯಾರನ್ನೂ ಕೇಳದೆ, "ಹೆಣ್ಮಕ್ಳೂ ಕಲೀಲಿ" ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿದರು. ಆ ಮನುಷ್ಯ ದಿನವೂ ನಮ್ಮ ಶಾಲೆಯ ಗೇಟಿನವರೆಗೆ ಬಂದು ಮಗಳನ್ನು ಬಿಟ್ಟು ಹೋಗುತ್ತಿದ್ದರು. ನಿಮಗೆ ಏನು ಬರುತ್ತದೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಊರಿನ ಶಾಲೆಗಳು ಕಲಾವಿದರನ್ನು ದೂರದಿಂದ ಕರೆಸುವ ಮೊದಲು ಗೇಟಿನಲ್ಲಿ ನಿಂತವರನ್ನು ಒಮ್ಮೆ ಕೇಳಿ ನೋಡಬೇಕೆಂದು ನಾನು ಅಂದಿನಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ತರಗತಿ ಶುರುವಾಯಿತು. ಹೆಜ್ಜೆ ಕಲಿಯುವ ಆಸೆಯಿಂದ ಬಂದ ಮಕ್ಕಳಿಗೆ ಗುರುಗಳು ವಾರಗಟ್ಟಲೆ ತಾಳವನ್ನೇ ಹಾಕಿಸಿದರು. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ, ಆದಿ. ಕೈಯಲ್ಲಿ ತಾಳ, ಬಾಯಲ್ಲಿ ಬಾಯಿತಾಳ, ನೆಲಕ್ಕೆ ಕಾಲು ತಾಗಿಸುವಂತಿಲ್ಲ. ಬೇಸತ್ತು ಕೆಲವು ಗಂಡುಮಕ್ಕಳು ಕಬಡ್ಡಿಗೆ ಹೋದರು. ಗುರುಗಳು ತಡೆಯಲಿಲ್ಲ. "ತಾಳ ಕೂತ್ರೆ ಹೆಜ್ಜೆ ತಾನಾಗೇ ಬತ್ತ್" ಎನ್ನುವುದು ಅವರ ಮಾತು.

ನನಗೆ ಆ ತಾಳಗಳಿಂದ ಸಿಕ್ಕಿದ ಲಾಭ ದೊಡ್ಡದು. ಛಂದಸ್ಸು ಎಂದರೆ ಮಕ್ಕಳಿಗೆ ಜ್ವರ ಬರುತ್ತದೆ. ಲಘು ಗುರು ಹಾಕುತ್ತಾರೆ, ಗಣ ಒಡೆಯುತ್ತಾರೆ, ಕಿವಿಗೆ ಮಾತ್ರ ಏನೂ ಕೇಳಿಸಿರುವುದಿಲ್ಲ. ಒಂದು ದಿನ ಗುರುಗಳು ತ್ರಿವುಡೆ ಹಾಕಿಸುತ್ತಿದ್ದರು, ಮೂರು, ಎರಡು, ಎರಡು, ಒಟ್ಟು ಏಳು ಎಣಿಕೆ. ಭಾಮಿನಿ ಷಟ್ಪದಿಯ ಸಾಲು ನಡೆಯುವುದೂ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳ ಮೇಲೆ. ಆಟದಲ್ಲಿ ಭಾಮಿನಿಯನ್ನು ಸಾಮಾನ್ಯವಾಗಿ ತಾಳವಿಲ್ಲದೆ ಹಾಡುತ್ತಾರೆ, ಆದರೂ ಗುರುಗಳ ಒಪ್ಪಿಗೆ ಕೇಳಿ ಕುಮಾರವ್ಯಾಸನ ದ್ರೋಣಪರ್ವದ ಪದ್ಯವೊಂದನ್ನು ಮಕ್ಕಳಿಂದ ಚಪ್ಪಾಳೆಯ ಮೇಲೆ ಹೇಳಿಸಿದೆ. ಸಾಲು ಎಲ್ಲಿ ಒಡೆಯುತ್ತದೆ ಎಂದು ಕೈಗಳೇ ಹೇಳಿದವು. ಅಲ್ಲಿಂದ ನಮ್ಮಿಬ್ಬರ ಪಾಠ ಒಂದಾಯಿತು. ಅವರು ಪ್ರಸಂಗದ ಪದ್ಯ ಕುಣಿಸುವ ವಾರ ನಾನು ಅದೇ ಸಂದರ್ಭವನ್ನು ಗದುಗಿನ ಭಾರತದಿಂದ ಓದಿಸುತ್ತಿದ್ದೆ. ಅಧ್ಯಾಪಕರೊಬ್ಬರು ಜೊತೆಗೆ ಕೂರಬೇಕು ಎಂಬ ಅವರ ಷರತ್ತು ಶಿಸ್ತು ಕಾಯುವುದಕ್ಕಲ್ಲ, ಇದಕ್ಕೆ ಎಂದು ನನಗೆ ಮನದಟ್ಟಾಯಿತು.

ಅರ್ಥಗಾರಿಕೆಯ ಪಾಠ ಇನ್ನೂ ಸೊಗಸು. ಗುರುಗಳು ಒಂದು ಸಾಲನ್ನೂ ಬರೆದುಕೊಡಲಿಲ್ಲ. ಪದ್ಯದ ಕಥೆ ಹೇಳುವರು, ಎದುರಿನ ಪಾತ್ರ ಎಂಥದ್ದು ಎಂದು ವಿವರಿಸುವರು, ಆಮೇಲೆ ಮಗುವನ್ನು ನಿಲ್ಲಿಸಿ, "ಈಗ ನೀನ್ ಎಂತ ಹೇಳ್ತೆ?" ಎಂದು ಕೇಳುವರು. ಗಾರೆ ಕೆಲಸದವರ ಮಗಳು ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವಳ ಮಾತು ಕೇಳಿ ಉಳಿದವರು ನಗುತ್ತಿದ್ದರು, ಇವರ ಕುಂದಾಪ್ರ ಕನ್ನಡ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಯಕ್ಷಗಾನದ ಮಾತು ಗ್ರಾಂಥಿಕ ಕನ್ನಡ. ಅದನ್ನು ಯಾರ ಮನೆಯಲ್ಲೂ ಆಡುವುದಿಲ್ಲ. ಅಲ್ಲಿ ಊರಿನವರು, ಹೊರಗಿನವರು ಎಲ್ಲರೂ ಮೊದಲಕ್ಷರದಿಂದಲೇ ಕಲಿಯಬೇಕು. ಅವಳು ಎಲ್ಲರಿಗಿಂತ ಬೇಗ ಕಲಿತಳು. ಗುರುಗಳು ಅಭಿಮನ್ಯುವಿನ ವೇಷ ಅವಳಿಗೇ ಕೊಟ್ಟರು.

ಆಟ ಇಟ್ಟದ್ದು ನವೆಂಬರಿನಲ್ಲಿ, ಮೇಳ ಹೊರಡುವ ಮುಂಚೆ. ಎಂಟನೇ ತರಗತಿಯ ಕೋಣೆಯೇ ಚೌಕಿ. ತಮ್ಮ ಬಣ್ಣ ತಾವೇ ಹಾಕಿಕೊಳ್ಳಬೇಕೆಂದು ಗುರುಗಳ ಅಪ್ಪಣೆ. ಕನ್ನಡಿ ಹಿಡಿದು ಮಧ್ಯಾಹ್ನದಿಂದಲೇ ಕುಳಿತ ಮಕ್ಕಳು ಕಣ್ಣಿನ ಗೆರೆಯನ್ನು ಒರೆಸಿ ಒರೆಸಿ ಬರೆದರು. ಗುರುಗಳ ಮೇಳದ ಭಾಗವತರು, ಮದ್ದಳೆಗಾರರು, ಚೆಂಡೆಯವರು ಸ್ನೇಹಕ್ಕೆ ಬಂದಿದ್ದರು. ಸಭಾಲಕ್ಷಣದ ಬಾಲಗೋಪಾಲ ಕುಣಿದವರಲ್ಲಿ ಕಬಡ್ಡಿಗೆ ಹೋಗಿ ತಿರುಗಿ ಬಂದವರೂ ಇದ್ದರು. ತೆರೆಯ ಹಿಂದಿನಿಂದ ಅಭಿಮನ್ಯುವಿನ ಪ್ರವೇಶವಾದಾಗ ಸಭೆಯಲ್ಲಿ ಬೇಡವೆಂದಿದ್ದ, ಈಗ ಮುಂದಿನ ಸಾಲಿನಲ್ಲಿ ಕುಳಿತ ಆ ಹಿರಿಯರೇ ಶಿಳ್ಳೆ ಹಾಕಿದರು.

ಚಕ್ರವ್ಯೂಹದ ಬಾಗಿಲಲ್ಲಿ ದ್ರೋಣ ಹೇಳುತ್ತಾನೆ, ಮಗೂ, ಮನೆಗೆ ಹೋಗು ಎಂದು. ಅಭ್ಯಾಸದಲ್ಲಿ ಅವಳು ಇದಕ್ಕೆ ವೀರಾವೇಶದ ಉತ್ತರ ಕೊಡುತ್ತಿದ್ದಳು. ಅಂದು ಹಾಗೆ ಮಾಡದೆ ಕೈಮುಗಿದು ನಿಂತಳು. "ಆಚಾರ್ಯರೇ, ಒಳಗೆ ಹೋಗುವ ದಾರಿಯನ್ನು ತಾಯಿಯ ಗರ್ಭದಲ್ಲೇ ಕಲಿತೆ. ಹೊರಬರುವ ದಾರಿಯನ್ನು ಕಲಿಸಬೇಕಾದ ಗುರು ನೀವು. ಕಲಿಸುವಿರಾ, ಕೊಲ್ಲುವಿರಾ?" ಎಂದಳು. ದ್ರೋಣನ ವೇಷದ ಹುಡುಗನಿಗೆ ಮಾತು ಹೊರಡಲಿಲ್ಲ. ಭಾಗವತರು ಒಂದು ಕ್ಷಣ ತಡೆದು ಮುಂದಿನ ಪದ್ಯ ಎತ್ತಿಕೊಂಡರು. ಚೌಕಿಯ ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದ ಗುರುಗಳು, "ಅದ್ ನಾ ಹೇಳ್ಕೊಟ್ಟದ್ ಅಲ್ಲ ಟೀಚರೇ" ಎಂದರು. ನಾನೂ ಹೇಳಿಕೊಟ್ಟಿರಲಿಲ್ಲ. ನಾವಿಬ್ಬರೂ ಕಲಿಸಿದ್ದರಿಂದ ಹುಟ್ಟಿದ, ಆದರೆ ಪೂರ್ತಿ ಅವಳದೇ ಆದ ಮಾತು ಅದು. ಕಲಾಶಿಕ್ಷಣ ಎಂದು ನಾವು ಏನನ್ನು ಕರೆಯುತ್ತೇವೋ ಅದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ.

ಮುಂದಿನ ಎಸ್ಸೆಸ್ಸೆಲ್ಸಿಯಲ್ಲಿ ಆ ಮಕ್ಕಳ ಫಲಿತಾಂಶಕ್ಕೆ ಏನೂ ಪೆಟ್ಟು ಬೀಳಲಿಲ್ಲ. ಪಾರಿಜಾತದ ಅಪ್ಪ ಒಂದು ಶನಿವಾರ ಶಾಲೆಗೆ ಬಂದು ಎಲ್ಲ ತರಗತಿಗೂ ಹಾಡು ಹೇಳಿಕೊಟ್ಟು ಹೋದರು. ಗುರುಗಳ ತರಗತಿ ನಾನು ಅಲ್ಲಿಂದ ವರ್ಗವಾಗುವವರೆಗೂ ನಡೆಯಿತು. ಆಮೇಲೆ ಬಂದವರು ಕೆಲವು ವರ್ಷ ನಡೆಸಿದರು, ಹೋಟೆಲಿನವರ ಹಣ ನಿಂತಾಗ ಅದೂ ನಿಂತಿತು. ಒಬ್ಬರ ಔದಾರ್ಯದ ಮೇಲೆ, ಒಬ್ಬ ಅಧ್ಯಾಪಕಿಯ ಉತ್ಸಾಹದ ಮೇಲೆ ನಿಂತ ವ್ಯವಸ್ಥೆಗೆ ಅಷ್ಟೇ ಆಯುಸ್ಸು.

ಈಗ ಕಾಗದದ ಮೇಲೆ ಆಸರೆ ಇಲ್ಲವೆಂದಿಲ್ಲ. ಹತ್ತನೇ ತರಗತಿಯವರೆಗೆ ಕಲೆ ಒಂದು ವಿಷಯವಾಗಿಯೇ ಇರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಥಳೀಯ ಕಲಾವಿದರು, ಕುಶಲಕರ್ಮಿಗಳನ್ನು ಶಾಲೆಗೆ ಬೋಧಕರಾಗಿ ತೆಗೆದುಕೊಳ್ಳುವ ಮಾತನ್ನೂ ಆಡಿತು. ಮಾತು ಸಂಬಳದ ಪಟ್ಟಿಗೆ ಇಳಿಯದೆ ಕಲಾವಿದರು ಶಾಲೆಗೆ ಬರುವುದಿಲ್ಲ.

ಮುಖ್ಯೋಪಾಧ್ಯಾಯರಿಗೆ, ಎಸ್‌ಡಿಎಂಸಿಯವರಿಗೆ ನನ್ನದೊಂದು ಬೇಡಿಕೆ. ಮೇ ತಿಂಗಳಲ್ಲಿ ವೇಳಾಪಟ್ಟಿ ಬರೆಯಲು ಕೂರುತ್ತೀರಲ್ಲ, ಆಗಲೇ ವಾರಕ್ಕೆ ಎರಡು ಅವಧಿಯನ್ನು ನಿಮ್ಮೂರಿನ ಕಲಾವಿದರ ಹೆಸರಿಗೆ ಬರೆಯಿರಿ. ಅವರ ಸಂಭಾವನೆಯನ್ನು ವರ್ಷದ ಖರ್ಚಿನ ಪಟ್ಟಿಯಲ್ಲಿ ಮೊದಲೇ ಸೇರಿಸಿ, ಒಬ್ಬ ಅಧ್ಯಾಪಕರನ್ನು ಅವರ ಜೊತೆಗೆ ಕೂರಿಸಿ. ಶಾಲು ಆಮೇಲೆ ಹೊದಿಸಿದರಾಯಿತು.